ಮೂರನೇ ತಿರುವಿನ ಸದ್ದು

ಮನೆಯಿಂದ,
ಮೇ ೧೯, ಭಾನುವಾರ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ನೀರು ಸುರಿಯುವುದು ನಿಂತಿತೇ? ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಅಷ್ಟು ಬಿಡಿಸಿ ಹೇಳಿದ ಮೇಲೂ ನೀವು ಪಟ್ಟಿ ಕಟ್ಟಿಕೊಂಡ ಕಣ್ಣಲ್ಲೇ ಅಕ್ಕನ ಮನೆಯ ಸೋರುವ ನಲ್ಲಿಗೆ ಕೈ ಹಾಕಿದಿರಂತೆ. ನೋಡದೆಯೇ ಸರಿಮಾಡಿದಿರಂತೆ, ಅದು ಬೇರೆ ಮಾತು. ಅಕ್ಕ ಫೋನಿನಲ್ಲಿ ನಿಮ್ಮನ್ನು ಬೈಯುತ್ತಲೇ, ನಲ್ಲಿ ಈಗ ಸೋರುತ್ತಿಲ್ಲ ಎಂದೂ ಹೇಳಿದಳು. ಹನಿ ಹಾಕುವಾಗ ತಲೆ ಹಿಂದಕ್ಕೆ ಒರಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿ, ದಮ್ಮಯ್ಯ. ನಾವೆಲ್ಲ ಇಲ್ಲಿ ಆರೋಗ್ಯ. ನಿಮ್ಮ ಮೊಮ್ಮಗಳು ಗುಬ್ಬಿಯ ಮೂಗು ಬಿಸಿಲಿಗೆ ಸುಲಿದಿದೆ. ನಿಮ್ಮ ಸೊಸೆಗೆ ವಾರವೆಲ್ಲ ನಡೆದು ನಡೆದು ಕಾಲು ಹಿಡಿದುಕೊಂಡಿದೆ. ನನಗೆ ಮೈಯಲ್ಲಿ ಏನೂ ಆಗಿಲ್ಲ.

ದಿನಾ ಸಂಜೆ ಫೋನ್ ಮಾಡುವ ಮಗ ಇದ್ದಕ್ಕಿದ್ದಂತೆ ಹಾಳೆ ಪೆನ್ನು ಹಿಡಿದದ್ದು ಯಾಕೆ ಎಂದು ನಿಮಗೆ ಅನುಮಾನ ಬಂದಿರುತ್ತದೆ. ಫೋನಿನಲ್ಲಿ ಹೇಳಬೇಕೆಂದು ಶುಕ್ರವಾರ ಹೊರಟೆ, ನಿನ್ನೆಯೂ ಹೊರಟೆ. ನಿಮ್ಮ ದನಿ ಕೇಳಿದ ಕೂಡಲೇ, ಊಟ ಆಯಿತೇ, ಹನಿ ಹಾಕಿದರೇ ಎಂದು ಕೇಳಿ ಇಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ, ಫೋನ್ ಹಿಡಿದರೆ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆ ಎಂದು ನನಗೆ ನನ್ನ ಮೇಲೇ ಭಯ. ಕೆಲಸದ ಮೇಲೆ ಇಲ್ಲಿಗೆ ಬಂದಿದ್ದ ಭಾವ ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಡುತ್ತಿದ್ದಾರೆ. ರಾತ್ರಿ ಊಟದ ಹೊತ್ತಿಗೆ ನಿಮ್ಮನ್ನು ತಲುಪುತ್ತಾರೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದಿ ಹೇಳುವವಳು ಅಕ್ಕ ಎಂದು ಗೊತ್ತು. ಅಕ್ಕಾ, ನಿನ್ನಲ್ಲಿ ಒಂದು ಬೇಡಿಕೆ. ಮಧ್ಯೆ ನಿಲ್ಲಿಸಿ ನಿನ್ನ ಅಭಿಪ್ರಾಯ ಸೇರಿಸಬೇಡ. ಅಪ್ಪನಿಗೆ ಸಿಟ್ಟು ಬರುವ ಜಾಗ ಬಂದಾಗ ದನಿ ತಗ್ಗಿಸುವ ಉಪಕಾರವನ್ನೂ ಮಾಡಬೇಡ. ಇದ್ದದ್ದು ಇದ್ದ ಹಾಗೆ ಓದು.

ರಜೆಗೆ ನಾವು ಇಡೀ ವಾರ ನಮ್ಮ ಪಾರ್ಕಿನ ರೆಸಾರ್ಟಿನಲ್ಲಿ ಇರಬೇಕೆಂದು, ನಿವೃತ್ತರ ಮನೆಯವರಿಗೆ ಕೊಡುವ ಕೋಣೆಯನ್ನು ನೀವೇ ಮ್ಯಾನೇಜರಿಗೆ ಹೇಳಿ ಹಿಡಿಸಿಕೊಟ್ಟಿರಿ. ಕಣ್ಣಿನ ಆಪರೇಷನ್ನಿಗೆ ಹೊರಡುವಾಗ, ಬ್ಯಾಗು ಹೆಗಲಿಗೆ ಏರಿಸಿಕೊಂಡು ಬಾಗಿಲಲ್ಲಿ ನಿಂತು ನೀವು ಹೇಳಿದ್ದು ಇಷ್ಟೇ. "ಗುಬ್ಬೀನ ಕುದುರೆ ಹತ್ತಿಸು. ಈ ವರ್ಷ ಅವಳು ಎತ್ತರದ ಗೆರೆ ಮುಟ್ತಾಳೆ." ಜಗತ್ತೆಲ್ಲ ರೋಲರ್ ಕೋಸ್ಟರ್ ಎನ್ನುವುದನ್ನು ಕುದುರೆ ಎಂದು ಕರೆಯುವ ಏಕೈಕ ಮನೆ ನಮ್ಮದು. ಕೆಲಸದಲ್ಲಿದ್ದಷ್ಟು ಕಾಲವೂ ಪ್ರತಿದಿನ ಪಾರ್ಕಿನ ಬಾಗಿಲು ತೆರೆಯುವ ಮೊದಲು, ಖಾಲಿ ಗಾಡಿಯಲ್ಲಿ ಒಬ್ಬರೇ ಕೂತು ಒಂದು ಸುತ್ತು ಹೋಗಿಬಂದು, ಆಮೇಲೆ ಜನರನ್ನು ಬಿಡಿ ಎನ್ನುತ್ತಿದ್ದಿರಿ. ಅದರ ಮರದ ಕಂಬಗಳಿಗೆ ನಮ್ಮ ಮನೆಯ ಗೋಡೆಗಿಂತ ಹೆಚ್ಚು ಸಲ ಬಣ್ಣ ಬಿದ್ದಿದೆ ಎಂದು ಅಮ್ಮ ಇರುವಾಗ ಹೇಳುತ್ತಿದ್ದದ್ದು ನೆನಪಿದೆಯಲ್ಲ.

ಆ ವಾರವನ್ನು ನಾನು ಎರಡು ಹೋಳು ಮಾಡಿದೆ ಅಪ್ಪಾ. ಮೊದಲರ್ಧ ನಮ್ಮ ಪಾರ್ಕು, ಉಳಿದರ್ಧ ಆಚೆ ಪಾರ್ಕು. ಅಕ್ಕಾ, ನಿಲ್ಲಬೇಡ, ಓದು. ಹೌದು, ರಸ್ತೆಯ ಆ ಬದಿಯ ಆಚೆ ಪಾರ್ಕೇ. ಅದು ತೆರೆದ ವರ್ಷ ನಿಮ್ಮ ಜೊತೆಯವರು ಒಬ್ಬೊಬ್ಬರಾಗಿ ರಸ್ತೆ ದಾಟಿದ್ದು, ನಿಮ್ಮನ್ನು ಮನೆಯವರೆಗೆ ಬಂದು ಕರೆದದ್ದು, ನೀವು ಅವರಿಗೆ ಕಾಫಿ ಕೊಟ್ಟು ಕಳಿಸಿ ಆಮೇಲೆ ಲೋಟಗಳನ್ನು ಎರಡೆರಡು ಸಲ ತೊಳೆದದ್ದು ಎಲ್ಲ ನಾನು ನೋಡಿದ್ದೇನೆ. ನಿಮ್ಮ ಜೊತೆ ಉಳಿದವನು ಆಗಿನ್ನೂ ಮೀಸೆ ಮೂಡದಿದ್ದ ಮುಂಗುಸಿ ಒಬ್ಬ. ಹಳಿಯ ಕೆಳಗೆ ಎಲ್ಲೆಂದರಲ್ಲಿ ನುಸುಳುತ್ತಾನೆ ಎಂದು ಆ ಹೆಸರಿಟ್ಟವರು ನೀವೇ. ಈಗ ತಲೆ ನರೆತು, ನಿಮ್ಮ ಜಾಗದಲ್ಲಿ ನಿಂತು ಕುದುರೆ ನೋಡಿಕೊಳ್ಳುವಾಗಲೂ ಅವನು ಮುಂಗುಸಿಯೇ. ಬಸ್ಸು ಆ ರಸ್ತೆಯಲ್ಲಿ ಹೋಗುವಾಗ ನೀವು ಆ ಬದಿಯ ಕಿಟಕಿಯ ಪರದೆ ಎಳೆಯುತ್ತಿದ್ದಿರಿ. ತಾತನಿಗೆ ಆ ಕಡೆಯ ಬಿಸಿಲು ಮಾತ್ರ ಯಾಕೆ ಆಗಲ್ಲ ಎಂದು ಗುಬ್ಬಿ ಒಮ್ಮೆ ಕೇಳಿದ್ದಳು. ಅಂಥ ಮನೆಯ ಮಗ ನಾನು. ಗುಬ್ಬಿಯ ಗೆಳತಿಯರೆಲ್ಲ ಅಲ್ಲಿಗೇ ಹೋಗುತ್ತಾರೆ, ಅವಳು ಹಟ ಹಿಡಿದಳು ಎಂದು ತಪ್ಪನ್ನು ಮಗುವಿನ ತಲೆಗೆ ಕಟ್ಟಬಹುದು. ಆದರೆ ಕೋಣೆ ಕಾದಿರಿಸಿದ್ದು ನಾನು. ಅವಳಿಗಿಂತ ಹೆಚ್ಚು ಆಸೆ ಇದ್ದದ್ದೂ ನನಗೇ. ನಿಮ್ಮ ಸೊಸೆ ಮೊದಲೇ ಎಚ್ಚರಿಸಿದ್ದಳು. "ಮಾವಂಗೆ ಹೇಳ್ಬಿಡಿ, ಅವರೇನು ನಿಮ್ಮನ್ನ ತಿಂದುಹಾಕಲ್ಲ" ಎಂದಿದ್ದಳು. ಆಪರೇಷನ್ ಮುಗಿಯಲಿ, ಪಟ್ಟಿ ಬಿಚ್ಚಲಿ ಎಂದು ನಾನು ದಿನ ದೂಡಿದೆ.

ನಮ್ಮ ಪಾರ್ಕಿನಲ್ಲಿ ನಮ್ಮನ್ನು ತಲೆಯ ಮೇಲೆ ಹೊತ್ತುಕೊಂಡರು. ಕೊಳದ ಕಡೆ ಕಿಟಕಿ ಇರುವ ಮೂಲೆ ಕೋಣೆ ಕೊಟ್ಟರು. ಸ್ನಾನದ ನೀರು ಪಕ್ಕದ ಕೋಣೆಯವರು ನಲ್ಲಿ ನಿಲ್ಲಿಸಿದಾಗ ಮಾತ್ರ ಬಿಸಿಯಾಗುವುದು ಈಗಲೂ ಹಾಗೇ ಇದೆ. ಕರಡಿ ವೇಷದವನ ಒಂದು ಕಣ್ಣಿನ ಗುಂಡಿ ಬಿದ್ದುಹೋಗಿ ಯಾರೋ ಬೇರೆ ಬಣ್ಣದ್ದು ಹೊಲಿದಿದ್ದಾರೆ. ಊಟದ ಮನೆಯಲ್ಲಿ ಬಡಿಸುವಾಕೆ ಗುಬ್ಬಿಯ ತಟ್ಟೆಗೆ ಎರಡನೇ ಸಲ ಬಡಿಸುತ್ತ, "ನಿಮ್ಮ ತಾತ ಉಪ್ಪು ಕಮ್ಮಿ ಅಂತ ಒಂದಿನಾನೂ ಹೇಳಿದವರಲ್ಲ, ಎದ್ದು ಹೋಗಿ ತಾವೇ ಹಾಕ್ಕೊಳ್ತಿದ್ರು" ಎಂದಳು. ಇಷ್ಟೆಲ್ಲ ಪ್ರೀತಿ ತಿಂದು ನಾವು ಕುದುರೆ ಮಾತ್ರ ಹತ್ತಲಿಲ್ಲ. ಮೊದಲ ದಿನ ಸಾಲು ಉದ್ದವಿತ್ತು. ಮರುದಿನ ಬಿಸಿಲು ಹೆಚ್ಚಾಯಿತು. ನೆಪಗಳು ತಾವಾಗಿಯೇ ಬಂದವು, ನಾನು ಬೇಡ ಎನ್ನಲಿಲ್ಲ ಅಷ್ಟೆ. ಎತ್ತರ ಎಂದರೆ ನನಗೆ ಆಗದು ಎಂದು ನಿಮಗೂ ಗೊತ್ತು. ಚಿಕ್ಕವನಿದ್ದಾಗ ನಿಮ್ಮ ಪಕ್ಕ ಕೂತು ಕಣ್ಣು ಮುಚ್ಚಿಕೊಂಡು ಒಂದು ಸುತ್ತು ಬಂದವನು, ಆಮೇಲೆ ಅದರ ನೆರಳಲ್ಲಿ ಕೂತದ್ದೇ ಹೆಚ್ಚು. ಕುದುರೆ ಸಾಕಿದವನ ಮಗನಿಗೆ ಹೀಗಾಗಬಾರದಿತ್ತು.

ಬುಧವಾರ ಬೆಳಿಗ್ಗೆ ಹತ್ತೋಣ ಎಂದು ಗುಬ್ಬಿಗೆ ಮಾತು ಕೊಟ್ಟಿದ್ದೆ. ಆದರೆ ಆಚೆ ಪಾರ್ಕಿನ ಕೋಣೆ ಮಧ್ಯಾಹ್ನಕ್ಕೆ ಸಿಗುತ್ತಿತ್ತು, ನನಗೆ ಆತುರ. ಕೀಲಿ ಒಪ್ಪಿಸುವಾಗ ಕೌಂಟರಿನ ಹುಡುಗಿ ಇಷ್ಟು ಬೇಗ ಯಾಕೆ ಎಂದಳು. ಗುಬ್ಬಿಗೆ ಜ್ವರ ಎಂದುಬಿಟ್ಟೆ. ಅದನ್ನು ಕೇಳಿಸಿಕೊಂಡ ಗುಬ್ಬಿ, ಪಾಪ, ಅಪ್ಪನ ಮಾನ ಉಳಿಸಲು ಎರಡು ಸಲ ಕೆಮ್ಮಿದಳು. ಆ ಹುಡುಗಿ ಒಳಗೆ ಓಡಿಹೋಗಿ ಮಾತ್ರೆ ತಂದುಕೊಟ್ಟಳು. ಮಾತ್ರೆ ಜೇಬಿಗೆ ಹಾಕಿಕೊಂಡು, ಟೋಪಿ ಹುಬ್ಬಿನವರೆಗೆ ಎಳೆದುಕೊಂಡು, ಪೆಟ್ಟಿಗೆಗಳನ್ನು ಎಳೆಯುತ್ತ ರಸ್ತೆಯ ಮೇಲಿನ ಕಾಲುಸೇತುವೆ ದಾಟಿದೆವು. ನಿಮ್ಮ ಸೊಸೆ ನನ್ನ ಜೊತೆ ನಡೆಯಲಿಲ್ಲ, ಸ್ವಲ್ಪ ಹಿಂದೆಯೇ ಉಳಿದಳು.

ಆಚೆ ಪಾರ್ಕು ಚೆನ್ನಾಗಿದೆ ಅಪ್ಪಾ. ಚೆನ್ನಾಗಿಲ್ಲ ಎಂದು ಬರೆದರೆ ನಿಮಗೆ ಸಮಾಧಾನವಾದೀತು, ಆದರೆ ಸುಳ್ಳುಗಳ ಲೆಕ್ಕ ಇಲ್ಲಿಗೇ ನಿಲ್ಲಲಿ. ನೀರು ತಿರುಗಿಸಿದ ಕೂಡಲೇ ಬಿಸಿ ಬರುತ್ತದೆ. ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮೊಲ ಮಾಡಿ ಕೂರಿಸಿರುತ್ತಾರೆ. ಗುಬ್ಬಿ ಅದನ್ನು ಬಿಚ್ಚಲು ಬಿಡದೆ, ನಾವೆಲ್ಲ ಒಂದೇ ಟವೆಲ್ಲಿನಲ್ಲಿ ಮೈ ಒರೆಸಿಕೊಂಡೆವು. ಜಾರುಬಂಡೆಯಿಂದ ನೀರಿಗೆ ಬಿದ್ದು ಎದ್ದು ಅವಳು ನಕ್ಕ ನಗುವನ್ನು ನಾನು ಇಡೀ ವರ್ಷ ಕೇಳಿರಲಿಲ್ಲ. ನಾನೂ ನಕ್ಕೆ. ಮನಸ್ಸು ತುಂಬಿ ಸಂತೋಷಪಟ್ಟೆ. ಅದೇ ಈಗ ನನ್ನನ್ನು ಹೆಚ್ಚು ಕೊರೆಯುತ್ತಿರುವುದು.

ಅಂದು ಸಂಜೆ ನಿಮ್ಮ ಫೋನ್ ಬಂತು. ನಾನು ಆಚೆ ಪಾರ್ಕಿನ ಬಾಲ್ಕನಿಯಲ್ಲಿ, ಬರಿಗಾಲಲ್ಲಿ, ಅವರ ಬಿಳಿ ನಿಲುವಂಗಿ ತೊಟ್ಟು ನಿಂತಿದ್ದೆ. ಕೆಳಗೆ ಅವರ ಬ್ಯಾಂಡು ಶುರುವಾಗಿತ್ತು. ಅದೇನು ಹಾಡು ಎಂದು ಕೇಳಿದಿರಿ, ನಮ್ಮವರು ಹೊಸದಾಗಿ ಇಟ್ಟಿದ್ದಾರೆ ಎಂದೆ. "ಕುದುರೆ ಹತ್ತಿದ್ರಾ?" ಎಂದಿರಿ. ಹತ್ತಿದೆವು ಎಂದೆ. ಗುಬ್ಬಿ ಹೆದರಿದಳೇ ಎಂದು ಕೇಳಿದಿರಿ, ಇಲ್ಲ, ಇನ್ನೊಂದು ಸಲ ಬೇಕೆಂದು ಕುಣಿದಳು ಎಂದೆ. ಆಮೇಲೆ ನೀವು, "ಮೂರನೇ ತಿರುವಲ್ಲಿ ಆ ಕಟಕಟ ಇದ್ಯಾ ಇನ್ನೂ?" ಎಂದಿರಿ. ನಾನು ಹಿಂದೆಮುಂದೆ ನೋಡದೆ, "ಇದೆ ಅಪ್ಪಾ, ಹಾಗೇ ಇದೆ" ಎಂದೆ. "ಸರಿಯಾಗಿ ಕೇಳಿಸ್ಕೊಂಡ್ಯಾ?" ಎಂದು ಮತ್ತೆ ಕೇಳಿದಿರಿ. ಚೆನ್ನಾಗಿ ಕೇಳಿಸಿತು, ಗುಬ್ಬಿಗೂ ಕೇಳಿಸಿತು ಎಂದು ಮಗುವನ್ನೂ ಸಾಕ್ಷಿಗೆ ಎಳೆದುತಂದೆ. ನೀವು ಹೂಂ ಎಂದು ಫೋನ್ ಇಟ್ಟಿರಿ. ನಿಮಗೆ ಖುಷಿಯಾಗಿ ಮಾತು ಹೊರಡಲಿಲ್ಲ ಎಂದುಕೊಂಡು ನಾನು ಈಜುಕೊಳಕ್ಕೆ ಇಳಿದೆ.

ಯಾಕೆ ಹಾಗೆಂದುಕೊಂಡೆ ಎಂದು ಹೇಳುತ್ತೇನೆ, ಕ್ಷಮಿಸಿ ಎಂದು ಕೇಳಲು ಅಲ್ಲ, ನಿಮಗೆ ಗೊತ್ತಿರಲಿ ಎಂದು. ಶಾಲೆಗೆ ರಜೆ ಇದ್ದಾಗ ಅಮ್ಮ ನನ್ನ ಕೈಯಲ್ಲಿ ನಿಮ್ಮ ಊಟದ ಡಬ್ಬಿ ಕಳಿಸುತ್ತಿದ್ದಳು. ನೀವು ಮೂರನೇ ತಿರುವಿನ ಕೆಳಗೆ ಕೂತು ಉಣ್ಣುತ್ತಿದ್ದಿರಿ. ಗಾಡಿ ಮೇಲೆ ಬಂದು ಕಟಕ್ ಕಟಕ್ ಎಂದಾಗಲೆಲ್ಲ ನಿಮ್ಮ ತುತ್ತು ಅರ್ಧದಲ್ಲೇ ನಿಲ್ಲುತ್ತಿತ್ತು. ತಲೆ ಒಂದು ಬದಿಗೆ ವಾಲಿಸಿ, ಕಣ್ಣು ಅರೆ ಮುಚ್ಚಿ ಕೇಳುತ್ತಿದ್ದಿರಿ. ಸಂಗೀತ ಕೇಳುವವರು ಹಾಗೆ ಕೂರುವುದನ್ನು ನೋಡಿದ್ದ ನಾನು, ಅದು ನಿಮಗೆ ಪ್ರಿಯವಾದ ಸದ್ದು ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಅದು ಯಾವುದೋ ಬೋಲ್ಟು ಸಡಿಲವಾದ ಸದ್ದು, ಆ ಒಂದು ಕಟಕಟ ನಿಮ್ಮ ನಿದ್ದೆ ಕೆಡಿಸಿತ್ತು, ನಿವೃತ್ತಿಗೆ ಮುಂಚೆ ನೀವೂ ಮುಂಗುಸಿಯೂ ಸೇರಿ ಅದನ್ನು ಪತ್ತೆಹಚ್ಚಿ ಬಾಯಿ ಮುಚ್ಚಿಸಿದ್ದಿರಿ ಎಂದು ನನಗೆ ತಿಳಿದದ್ದು ಮೊನ್ನೆ. ನಿಮ್ಮ ಪ್ರಶ್ನೆಗೆ ಇಲ್ಲ ಎಂದಿದ್ದರೆ ನೀವು ನೆಮ್ಮದಿಯಾಗಿ ಮಲಗುತ್ತಿದ್ದಿರಿ. ನಿಮ್ಮನ್ನು ಮೆಚ್ಚಿಸಲು ಹೋಗಿ ಹೌದು ಎಂದೆ.

ಗುರುವಾರ ಮಧ್ಯಾಹ್ನ ನಾವು ಆಚೆ ಪಾರ್ಕಿನ ದೊಡ್ಡ ಚಕ್ರದಲ್ಲಿ ಕೂತೆವು. ಗಾಜು ಮುಚ್ಚಿದ ಪೆಟ್ಟಿಗೆ, ಸುತ್ತುವುದೂ ನಿಧಾನ, ಅದಕ್ಕೇ ನನಗೆ ಧೈರ್ಯ ಬಂದದ್ದು. ಮೇಲೆ ಹೋದಾಗ ರಸ್ತೆಯ ಆ ಕಡೆ ನಮ್ಮ ಪಾರ್ಕು ಪೂರ್ತಿ ಕಂಡಿತು. ರಜೆಯ ಜನ ಎಲ್ಲೆಲ್ಲೂ ಗಿಜಿಗುಡುತ್ತಿದ್ದರು, ಕುದುರೆ ಮಾತ್ರ ನಿಂತಿತ್ತು. ಗಾಡಿ ಖಾಲಿ, ಸಾಲು ಖಾಲಿ, ಬಾಗಿಲಿಗೆ ಹಗ್ಗ ಕಟ್ಟಿತ್ತು. ಹಳಿಯ ಮೇಲೆ ಯಾರೋ ಒಬ್ಬ ಬೋರಲು ಮಲಗಿದ್ದ. ನಿನ್ನೆಯೇ ಬಂದದ್ದು ಒಳ್ಳೆಯದಾಯಿತು ನೋಡು, ಇವತ್ತು ಅಲ್ಲಿ ಕೆಟ್ಟುಹೋಗಿದೆ ಎಂದು ನಿಮ್ಮ ಸೊಸೆಗೆ ಹೇಳಿದೆ. ಆ ಮಾತು ನೆನೆದರೆ ಈಗ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ನೀವು ಸರಿಯಾಗಿ ಊಟ ಮಾಡುತ್ತಿಲ್ಲ, ಗುರುವಾರ ಬೆಳಗಾದ ಕೂಡಲೇ ಮ್ಯಾನೇಜರಿಗೆ ಫೋನ್ ಹಚ್ಚಿಸಿ ಕುದುರೆ ನಿಲ್ಲಿಸಿ ಎಂದಿರಿ ಎಂದಳು. ಸದ್ದು ಮತ್ತೆ ಬಂದಿದೆ, ನನ್ನ ಮಗ ಕೂತು ಕೇಳಿದ್ದಾನೆ, ಮೊಮ್ಮಗಳೂ ಕೇಳಿದ್ದಾಳೆ ಎಂದಿರಂತೆ. ಕೊನೆಗೆ, "ಮುಂಗುಸಿ ಕೈಗೆ ಕೊಟ್ಟಿದ್ದು ನನ್ನದೇ ತಪ್ಪು" ಎಂದೂ ಹೇಳಿದಿರಂತೆ. ಅಲ್ಲಿನವರ ಪಾಲಿಗೆ ನೀವು ಇಂದಿಗೂ ಮೇಷ್ಟ್ರು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂದು ಅವರು ಆ ಗಳಿಗೆಯಲ್ಲೇ ನಿಲ್ಲಿಸಿದರು. ಹೊರಗಿನ ತಪಾಸಣೆಯವರಿಗೆ ಹೇಳಿಕಳಿಸಿದರು. ಅವರು ನೋಡಿ ಮುಗಿಸುವವರೆಗೆ ಮುಂಗುಸಿಯನ್ನು ಕೆಲಸದಿಂದ ಪಕ್ಕಕ್ಕೆ ನಿಲ್ಲಿಸಿದರು. ನಿಮಗೆ ಕೂಡಲೇ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ನೀವು, "ಗುಬ್ಬಿ ಚೆನ್ನಾಗಿದ್ದಾಳಾ? ಅವಳನ್ನ ಮತ್ತೆ ಹತ್ತಿಸ್ಬೇಡ ಮಗಾ, ನಾನು ನೋಡ್ಕೋತೀನಿ" ಎಂದಿರಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಷ್ಟು ದೂರ ಕೂತವರು ನಮ್ಮನ್ನು ಕಾಯುತ್ತಿದ್ದೀರಿ. ನಾನು ಹೂಂ ಎಂದೆ.

ಫೋನ್ ಇಟ್ಟವನೇ ಕಾಲುಸೇತುವೆ ದಾಟಿ ನಮ್ಮ ಪಾರ್ಕಿಗೆ ಹೋದೆ. ಮುಂಗುಸಿ ಮೂರನೇ ತಿರುವಿನ ಕೆಳಗೇ ಇದ್ದ. ಕೆಲಸದಿಂದ ನಿಲ್ಲಿಸಿದ್ದರೂ ಮನೆಗೆ ಹೋಗಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಬಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಇನ್ನೊಬ್ಬನಿಂದ ಹಳಿಯನ್ನು ತಟ್ಟಿಸುತ್ತಿದ್ದ. ಬಟ್ಟೆಯೆಲ್ಲ ಗ್ರೀಸು, ಕಣ್ಣು ಕೆಂಪಗೆ. ನನ್ನನ್ನು ನೋಡಿ ಎದ್ದು ನಿಂತು, ಮೊದಲು ಕೇಳಿದ್ದು ನಿಮ್ಮ ಕಣ್ಣಿನ ವಿಷಯ. ಆಮೇಲೆ ಗುಬ್ಬಿಯ ಜ್ವರ. ಪ್ರತಿ ಬೋಲ್ಟನ್ನೂ ಬಿಚ್ಚಿ ಬಿಗಿದಿದ್ದಾನಂತೆ. ಖಾಲಿ ಗಾಡಿಯನ್ನು ಮತ್ತೆ ಮತ್ತೆ ಓಡಿಸಿದ್ದಾನಂತೆ. "ಏನೂ ಕೇಳಿಸ್ತಾ ಇಲ್ಲ ಅಣ್ಣಾ. ನಿಮಗೂ ಕೇಳಿಸ್ತು, ಆ ಪುಟ್ಟ ಮಗೂಗೂ ಕೇಳಿಸ್ತು. ಮೇಷ್ಟ್ರಿಗೆ ಅಲ್ಲಿಂದಾನೇ ಗೊತ್ತಾಯ್ತು. ನನಗೊಬ್ಬನಿಗೆ ಕೇಳಿಸ್ತಿಲ್ಲ. ನನ್ನ ಕಿವಿ ಹೋಗಿದೆ ಅನ್ಸುತ್ತೆ" ಎಂದ. ಆ ಮಾತು ಹೇಳುವಾಗ ಅವನಿಗೆ ನಿಮ್ಮ ಮೇಲಾಗಲಿ ನನ್ನ ಮೇಲಾಗಲಿ ಒಂದಿಷ್ಟೂ ಬೇಸರ ಇರಲಿಲ್ಲ. ಸದ್ದೇ ಇಲ್ಲದಿರಬಹುದು ಎಂಬ ಯೋಚನೆ ಅವನ ಹತ್ತಿರವೂ ಸುಳಿದಿರಲಿಲ್ಲ. ಅಲ್ಲಿ ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ಕುದುರೆ ಹತ್ತಿಲ್ಲ, ಏನೂ ಕೇಳಿಲ್ಲ, ಆಚೆ ಪಾರ್ಕಿನಲ್ಲಿ ಮಲಗಿ ಎದ್ದು ಬರುತ್ತಿದ್ದೇನೆ ಎಂದು ಹೇಳಿದೆ.

ನಿನ್ನೆ ತಪಾಸಣೆಯವರು ಬಂದು ಎಲ್ಲ ನೋಡಿ, ಒಂದು ಬೋಲ್ಟೂ ಸಡಿಲವಿಲ್ಲ, ಓಡಿಸಬಹುದು ಎಂದು ಹೇಳಿಹೋಗಿದ್ದಾರೆ. ಮ್ಯಾನೇಜರಿಗೂ ನಾನೇ ಮುಖ ತೋರಿಸಿ ನಿಜ ಹೇಳಿ ಬಂದೆ. ಅವರು ನನ್ನನ್ನು ಬೈಯಲಿಲ್ಲ, ಕೂರಿ ಎಂದೂ ಹೇಳಲಿಲ್ಲ. ನಾಳೆಯಿಂದ ಕುದುರೆ ಓಡುತ್ತದೆ. ಆದ್ದರಿಂದ ನೀವು ಆ ಚಿಂತೆ ಬಿಟ್ಟು ಊಟ ಮಾಡಿ. ನನ್ನ ಮೇಲಿನ ಸಿಟ್ಟನ್ನು ಇಟ್ಟುಕೊಂಡಿರಿ, ಅದು ನ್ಯಾಯ. ಆದರೆ ಕಣ್ಣಿಗೆ ಒತ್ತಡವಾಗುವಷ್ಟು ಬೇಡ. ಪಟ್ಟಿ ಬಿಚ್ಚುವ ದಿನ ನಾನು ಬರುತ್ತೇನೆ, ಎದುರಿಗೆ ನಿಲ್ಲಿಸಿ ಬೈಯಿರಿ. ಗುಬ್ಬಿ ತಾತನಿಗೆ ಮುತ್ತು ಕಳಿಸಿದ್ದಾಳೆ, ಕೆಮ್ಮಿದ್ದು ಸುಳ್ಳು ಕೆಮ್ಮು ಎಂದು ಬರೆಯಲು ಹೇಳಿದ್ದಾಳೆ. ನಿಮ್ಮ ಸೊಸೆಯ ನಮಸ್ಕಾರಗಳು. ಅವಳು ಮೂರು ದಿನದಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಾಳೆ. ಅಕ್ಕನಿಗೆ, ಮಕ್ಕಳಿಗೆ ನನ್ನ ನೆನಪುಗಳು.

ನಿಮ್ಮ ಕಾಲಿಗೆ ಬೀಳಬೇಕಾದ,
ನಿಮ್ಮ ಮಗ

ತಾ.ಕ.: ಭಾವ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮುಂಗುಸಿಗೆ ಹೇಳಿದೆ ಎಂದಷ್ಟೇ ಬರೆದು, ಅವನು ಏನೆಂದ ಎಂಬುದನ್ನು ಮೇಲೆ ಬಿಟ್ಟೆ. ಬರೆಯಲು ಕೈ ಬರಲಿಲ್ಲ. ಅವನು ನನ್ನನ್ನು ನಂಬಲಿಲ್ಲ ಅಪ್ಪಾ. ತಪಾಸಣೆಯವರನ್ನೂ ನಂಬುತ್ತಿಲ್ಲ, ಅವರಿಗೇನು ಗೊತ್ತು ಎನ್ನುತ್ತಾನೆ. ನಾಳೆ ಬೆಳಿಗ್ಗೆ ತನ್ನ ಸ್ಪ್ಯಾನರುಗಳನ್ನು ಒಪ್ಪಿಸಿ, ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಕೊಡಿ ಎಂದು ಕೇಳುತ್ತಾನಂತೆ. ಕಿವಿ ಹೋದವನು ಕುದುರೆಯ ಹತ್ತಿರ ಇರಬಾರದು ಎಂದು ನೀವೇ ಅವನಿಗೆ ಕಲಿಸಿದ್ದಂತೆ. ನಾನು ಆಣೆ ಮಾಡಿದೆ. ಆಚೆ ಪಾರ್ಕಿನ ಕೋಣೆಯ ಕೀಲಿಯನ್ನು ಜೇಬಿನಿಂದ ತೆಗೆದು ತೋರಿಸಿದೆ, ಅವನು ನೋಡಲೂ ಇಲ್ಲ. "ನನ್ನ ಕೆಲಸ ಉಳಿಸೋಕೆ ಹೀಗೆ ಹೇಳ್ತಿದೀರಿ. ಮೇಷ್ಟ್ರ ಮಗ ಎಲ್ಲಾದ್ರೂ ಆಚೆಗೆ ಹೋಗ್ತಾರಾ ಅಣ್ಣಾ" ಎಂದು ನನ್ನ ಬೆನ್ನು ತಟ್ಟಿ ಕಳಿಸಿದ. ಇವತ್ತೇ ಅವನಿಗೆ ಫೋನ್ ಮಾಡಿ. ನನ್ನ ಮಗ ಆಚೆಗೆ ಹೋದ ಎಂದು ನೀವೇ ಹೇಳಿ. ನೀವು ಹೇಳಿದರೆ ನಂಬುತ್ತಾನೆ.